‘ಜಿಂಜರ್’ ಪದದೊಳಗಿನ ಬೇರು: ಒಂದು ನಿಷ್ಪತ್ತಿ ಹುಡುಕಿದ ಪ್ರಕರಣ

ಇಂಗ್ಲಿಷಿನ ‘ಜಿಂಜರ್’ ಎಂಬ ಪದ ಎಲ್ಲಿಂದ ಬಂತು? ಈ ಪ್ರಶ್ನೆಗೆ ಹನ್ನೆರಡು ಸಾಲಿನ ಉತ್ತರ ಬೇಕಿತ್ತು. ಒಂದು ವಾರದ ಕೆಲಸ ಅಂದುಕೊಂಡಿದ್ದೆವು, ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಟಿಪ್ಪಣಿಯನ್ನು ಮೂರು ಸಲ ಪೂರ್ತಿ ಹೊಡೆದುಹಾಕಿ ಹೊಸದಾಗಿ ಬರೆದೆವು. ಆ ಮೂರೂ ಸಲ ಏನು ತಪ್ಪಿತ್ತು, ತಪ್ಪು ಹೇಗೆ ಸಿಕ್ಕಿತು ಅನ್ನೋದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪದದ ಮೂಲ ಹುಡುಕುವ ಬೇರೆಯವರಿಗೂ ಇದೇ ಜಾಗಗಳಲ್ಲಿ ಕಾಲು ಜಾರಬಹುದು.

ಹಿನ್ನೆಲೆ

ಪ್ರೌಢಶಾಲೆಯ ಮಕ್ಕಳಿಗಾಗಿ ಪದಗಳ ಕಥೆ ಹೇಳುವ ಒಂದು ಪುಸ್ತಿಕೆ ತಯಾರಾಗುತ್ತಿತ್ತು. ಟಿಪ್ಪಣಿ ಬರೆಯುತ್ತಿದ್ದವಳು ಭಾಷಾವಿಜ್ಞಾನ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ತಿದ್ದುವ ಹೊಣೆ ನನ್ನದು. ನಮ್ಮ ಜೊತೆ ಇನ್ನೊಬ್ಬ ಹಿರಿಯ ಓದುಗರಿದ್ದರು, ಅಚ್ಚಿಗೆ ಹೋಗುವ ಮುಂಚೆ ಎಲ್ಲವನ್ನೂ ಓದಿ ಆಕ್ಷೇಪ ಎತ್ತುವುದು ಅವರ ಕೆಲಸ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ.

ವಿದ್ಯಾರ್ಥಿನಿ ತುಂಬಾ ಶ್ರದ್ಧೆಯವಳು. ಮೊದಲ ಕರಡು ತಂದಾಗ ಅದರಲ್ಲಿ ಬಾಣದ ಗುರುತು ಹಾಕಿದ ಒಂದು ಸರಪಳಿ ಇತ್ತು. ಸಂಸ್ಕೃತದಲ್ಲಿ ಶೃಂಗವೇರ, ಅದರಿಂದ ಪಾಲಿ ಭಾಷೆಯ ಸಿಂಗಿವೇರ, ಅಲ್ಲಿಂದ ಗ್ರೀಕಿನ ಜಿಂಗಿಬೆರಿಸ್, ಆಮೇಲೆ ಅರಬ್ಬಿಯ ಜಂಜಬೀಲ್, ಅಲ್ಲಿಂದ ಲ್ಯಾಟಿನ್, ಫ್ರೆಂಚ್, ಕೊನೆಗೆ ಇಂಗ್ಲಿಷ್. ಶೃಂಗ ಅಂದರೆ ಕೊಂಬು, ವೇರ ಅಂದರೆ ದೇಹ. ಕೊಂಬಿನಂಥ ಮೈ ಇರುವ ಗೆಡ್ಡೆ. ಚಿಗರೆಯ ಕೊಂಬಿನ ಹಾಗೆ ಕವಲೊಡೆದ ಶುಂಠಿಯ ಚಿತ್ರವನ್ನೂ ಪಕ್ಕದಲ್ಲಿ ಬರೆದಿದ್ದಳು. ಕೆಳಗೆ ಎರಡು ಕೊಸರು ಬೇರೆ. ಇಂಗ್ಲಿಷಿನಲ್ಲಿ ‘ನಾಜೂಕಾಗಿ, ಹುಷಾರಾಗಿ’ ಎಂಬ ಅರ್ಥದ ‘ಜಿಂಜರ್ಲಿ’ ಇದರಿಂದಲೇ ಹುಟ್ಟಿತು. ಜಾಂಜಿಬಾರ್ ದ್ವೀಪಕ್ಕೆ ಹೆಸರು ಬಂದಿದ್ದು ಅರಬ್ಬಿಯ ಜಂಜಬೀಲ್‌ನಿಂದ.

ಓದೋಕೆ ಬಹಳ ಚೆನ್ನಾಗಿತ್ತು. ನಾನೂ ಮೊದಲ ಸಲ ತಲೆಯಾಡಿಸಿಬಿಟ್ಟೆ.

ಮೊದಲು ಬಿದ್ದಿದ್ದು ಅರಬ್ಬಿ

ಹಿರಿಯ ಓದುಗರು ಒಂದೇ ಒಂದು ಮಾತು ಹೇಳಿ ಕರಡು ವಾಪಸ್ ಕಳಿಸಿದರು: ‘ಪ್ರತಿ ಪದದ ಪಕ್ಕದಲ್ಲಿ ಕಾಲ ಬರೀರಿ.’

ಅಷ್ಟೇ ಸಾಕಾಯಿತು. ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಜಿಂಗಿಬೆರಿಸ್ ಬಗ್ಗೆ ಬರೆದದ್ದು ಕ್ರಿ.ಶ. 1ನೇ ಶತಮಾನದಲ್ಲಿ. ರೋಮಿನ ಪ್ಲಿನಿ ಅದೇ ಶತಮಾನದವನು, 79ರಲ್ಲಿ ತೀರಿಕೊಂಡ. ಅವನ ಲ್ಯಾಟಿನ್ ಗ್ರಂಥದಲ್ಲಿ ಪದ ಆಗಲೇ ಇದೆ. ಅರಬ್ಬಿಯ ಜಂಜಬೀಲ್ ಕುರಾನಿನ 76ನೇ ಅಧ್ಯಾಯದಲ್ಲಿ ಬರುತ್ತದೆ, ಅದು 7ನೇ ಶತಮಾನ. ಲ್ಯಾಟಿನ್ನಿಗೆ ಆರು ನೂರು ವರ್ಷ ಮುಂಚೆಯೇ ಸಿಕ್ಕಿದ್ದ ಪದವನ್ನು ಅರಬ್ಬಿ ಕೊಟ್ಟಿತು ಅಂತ ಹೇಳೋದು ಹೇಗೆ?

ಅವಳು ಯಾಕೆ ಹಾಗೆ ಬರೆದಳು ಅನ್ನೋದು ಮುಖ್ಯ. ಸಕ್ಕರೆ, ಕಿತ್ತಳೆಗಳ ಇಂಗ್ಲಿಷ್ ಹೆಸರುಗಳು ಅರಬ್ಬಿಯ ದಾರಿಯಲ್ಲೇ ಯುರೋಪಿಗೆ ಹೋಗಿವೆ. ಹಿಂದಿನ ವಾರವಷ್ಟೇ ಅವೆರಡರ ಟಿಪ್ಪಣಿ ಮುಗಿಸಿದ್ದಳು. ಅದೇ ರಸ್ತೆಯಲ್ಲಿ ಇದನ್ನೂ ನಡೆಸಿಬಿಟ್ಟಳು. ಜಂಜಬೀಲ್ ಇದೇ ಮನೆತನದ ಪದ, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಬೇರೆ ಕವಲು, ‘ಜಿಂಜರ್’ಗೆ ಅಜ್ಜನಾಗದ ದಾಯಾದಿ.

ಕಾಲ ಹಾಕಲು ಹೊರಟಾಗ ಎರಡು ಕೊಸರೂ ಉದುರಿದವು. ‘ಜಿಂಜರ್ಲಿ’ ಇಂಗ್ಲಿಷಿನಲ್ಲಿ ಕಾಣಿಸುವುದು 16ನೇ ಶತಮಾನದ ಶುರುವಿನಲ್ಲಿ, ಕುಣಿಯುವವರು ಇಡುವ ಪುಟ್ಟ, ಅಂದವಾದ ಹೆಜ್ಜೆಯ ಬಗ್ಗೆ ಹೇಳುವಾಗ. ಅದು ಹಳೆಯ ಫ್ರೆಂಚಿನಲ್ಲಿ ‘ಕುಲೀನ, ಸೊಗಸಾದ’ ಎಂಬ ಅರ್ಥದ ಪದದ ಕಡೆಗೆ ಹೋಗುತ್ತದೆ, ಶುಂಠಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಜಾಂಜಿಬಾರ್‌ನಲ್ಲಿ ಇರುವುದು ‘ಜಂಗ್’ ಮತ್ತು ‘ಬಾರ್’. ಕಪ್ಪು ಜನರ ಕರಾವಳಿ ಅನ್ನೋ ಅರ್ಥದ ಹೆಸರು. ಕಿವಿಗೆ ಒಂದೇ ಥರ ಕೇಳುವ ಪದಗಳು ತುಂಬಾ ಮೋಸ ಮಾಡುತ್ತವೆ.

‘ವೇರ’ದ ಪಕ್ಕದ ಆ ಒಂದು ಅಕ್ಷರ

ಎರಡನೇ ಕರಡಿನಲ್ಲಿ ಅರಬ್ಬಿ ಇರಲಿಲ್ಲ. ಸಂಸ್ಕೃತ, ಪಾಲಿ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್. ಕೊಂಬು ಮತ್ತು ದೇಹ ಹಾಗೇ ಇದ್ದವು.

ನನಗೆ ಒಂದು ಚಿಕ್ಕ ಕಿರಿಕಿರಿ. ಶೃಂಗ ಗೊತ್ತು, ಎಲ್ಲರಿಗೂ ಗೊತ್ತು. ಆದರೆ ದೇಹ ಅನ್ನೋದಕ್ಕೆ ‘ವೇರ’ ಅಂತ ನಾನು ಎಲ್ಲೂ ಓದಿದ ನೆನಪಿರಲಿಲ್ಲ. ಅವಳನ್ನೇ ಕೇಳಿದೆ.

‘ಮೇಡಂ, ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲಿ ಇದೆ. ನಾನೇ ನೋಡಿದ್ದೇನೆ.’

‘ಇನ್ನೊಂದು ಸಲ ತೆಗಿ. ಅರ್ಥ ಆದಮೇಲೆ ಏನಿದೆ ನೋಡು.’

ತೆಗೆದಳು. ಅರ್ಥದ ಮುಂದೆ ‘ಎಲ್’ ಅಂತ ಒಂಟಿ ಅಕ್ಷರ, ಒಂದು ಚುಕ್ಕಿ. 1899ರ ಆ ದೊಡ್ಡ ಸಂಸ್ಕೃತ–ಇಂಗ್ಲಿಷ್ ನಿಘಂಟಿನಲ್ಲಿ ಈ ಗುರುತಿಗೆ ಒಂದು ಅರ್ಥವಿದೆ. ಈ ಪದ, ಅಥವಾ ಪದದ ಈ ಅರ್ಥ, ಹಳೆಯ ಕೋಶಕಾರರ ಪಟ್ಟಿಯಲ್ಲಿ ಮಾತ್ರ ಸಿಕ್ಕಿದೆ. ಕಾವ್ಯದಲ್ಲಾಗಲಿ ಶಾಸ್ತ್ರದಲ್ಲಾಗಲಿ ಯಾರೂ ಬಳಸಿದ್ದು ಸಿಕ್ಕಿಲ್ಲ.

ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ಒಂದು ಭಾಷೆಯಲ್ಲಿ ಒಂದು ಪದ ನಿಜವಾಗಿ ಬದುಕಿದ್ದರೆ ಅದು ನಾಲ್ಕು ಕಡೆ ಓಡಾಡಿರುತ್ತದೆ, ಮಕ್ಕಳು ಮರಿ ಮಾಡಿರುತ್ತದೆ. ‘ದೇಹ’ ಅನ್ನುವ ಅರ್ಥದ ವೇರ ಹಾಗೆ ಓಡಾಡಿಲ್ಲ. ಶೃಂಗವೇರವನ್ನು ಬಿಡಿಸಿ ಅರ್ಥ ಹೇಳಬೇಕಾದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಆಗ ಅವಳೇ ಎರಡು ರೂಪಗಳನ್ನು ಒಂದರ ಕೆಳಗೊಂದು ಬರೆದಳು. ನಡುವೆ ಗ್ರೀಕ್ ರೂಪ ಇಟ್ಟಳು.

ಸಿಂಗಿ–ವೇರ
ಜಿಂಗಿ–ಬೆರಿಸ್
ಶೃಂಗ–ವೇರ

ಗ್ರೀಕರ ಪದ ಯಾವುದಕ್ಕೆ ಹತ್ತಿರ? ಎರಡು ಕಡೆಯೂ ‘ಇ’ಕಾರ. ಶೃ ಇಲ್ಲ, ಗ ಇಲ್ಲ. ಪಾಲಿಯಂಥ ಆಡುನುಡಿಯ ರೂಪವೇ ವ್ಯಾಪಾರಿಗಳ ಬಾಯಲ್ಲಿ ಹೋಗಿದೆ, ಪಂಡಿತರ ರೂಪ ಹೋಗಿಲ್ಲ. ಪಾಲಿಯ ಈ ರೂಪಕ್ಕೆ ಗಟ್ಟಿ ಸಾಕ್ಷಿಯೂ ಇದೆ. ಬೌದ್ಧರ ನಿಯಮಗ್ರಂಥ ವಿನಯಪಿಟಕದಲ್ಲಿ ಭಿಕ್ಷುಗಳು ಔಷಧಿಗಾಗಿ ಇಟ್ಟುಕೊಳ್ಳಬಹುದಾದ ಬೇರುಗಳ ಪಟ್ಟಿ ಬರುತ್ತದೆ. ಮೊದಲು ಅರಿಶಿನ, ಎರಡನೆಯದು ಸಿಂಗಿವೇರ, ಮೂರನೆಯದು ಬಜೆ.

ಹಾಗಾದರೆ ಶೃಂಗವೇರ ಎಲ್ಲಿಂದ ಬಂತು? ನಾವು ಶಾಲೆಯಲ್ಲಿ ತತ್ಸಮ, ತದ್ಭವ ಅಂತ ಪಟ್ಟಿ ಬಾಯಿಪಾಠ ಮಾಡಿದ್ದೇವೆ. ಶೃಂಗಾರ ಸಿಂಗಾರವಾಯಿತು. ಶೃ ಇದ್ದದ್ದು ಸಿ ಆಗುತ್ತದೆ. ಆ ಬಾಣ ಯಾವಾಗಲೂ ಸಂಸ್ಕೃತದಿಂದ ಈ ಕಡೆಗೇ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ನಡೆದದ್ದು ಉಲ್ಟಾ. ಸಿಂಗಿವೇರ ಅನ್ನೋ ಪದ ಆಡುನುಡಿಯಲ್ಲಿ ಇತ್ತು. ಅದನ್ನು ಸಂಸ್ಕೃತದಲ್ಲಿ ಹೇಳಬೇಕಾದವರು ‘ಸಿಂಗ ಅಂದರೆ ಶೃಂಗ ಇರಬೇಕು’ ಅಂತ ತಿದ್ದಿದರು. ಗೆಡ್ಡೆ ನೋಡಿದರೆ ಕೊಂಬಿನ ಹಾಗೇ ಇದೆ, ಅಲ್ವಾ? ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ತಿದ್ದಿದ ರೂಪವೂ ಹಳೆಯದೇ. ರಾಮಾಯಣದಲ್ಲಿ ಗುಹನ ಊರು ಶೃಂಗವೇರಪುರ. ಆದರೆ ಪದ ಹಳೆಯದು ಅನ್ನೋದು ಬೇರೆ, ಅದೇ ಮೂಲ ಅನ್ನೋದು ಬೇರೆ.

ಚಿಗರೆ ಕೊಂಬಿನ ಚಿತ್ರ ತೆಗೆಯೋಕೆ ಅವಳಿಗೆ ಬೇಜಾರಾಯಿತು. ನನಗೂ ಆಯಿತು. ಅಷ್ಟು ಚೆಂದದ ವಿವರಣೆ ಸಿಕ್ಕಾಗ ಇನ್ನೂ ಜಾಸ್ತಿ ಎಚ್ಚರ ಇರಬೇಕು ಅಂತ ಅವತ್ತಿನಿಂದ ನನ್ನ ಮೇಜಿನ ಮೇಲೆ ಬರೆದು ಅಂಟಿಸಿದ್ದೇನೆ.

ಕಾಣೆಯಾದ ‘ಸ’

ಸಿಂಗಿವೇರ ಎಲ್ಲಿಂದ ಬಂತು ಅನ್ನೋದು ಮುಂದಿನ ಪ್ರಶ್ನೆ. ‘ವೇರ’ವನ್ನು ಸಂಸ್ಕೃತದಲ್ಲಿ ಹುಡುಕಿ ಸೋತಿದ್ದೆವು. ದಕ್ಷಿಣಕ್ಕೆ ತಿರುಗಿದ ಕೂಡಲೇ ಸಿಕ್ಕಿತು. ತಮಿಳು, ಮಲಯಾಳಗಳಲ್ಲಿ ವೇರ್, ನಮ್ಮಲ್ಲಿ ಬೇರು. ಶುಂಠಿಗೆ ಆ ಎರಡೂ ಭಾಷೆಗಳಲ್ಲಿ ಇಂಜಿ ಅನ್ನುತ್ತಾರೆ. ನಮ್ಮ ‘ಶುಂಠಿ’ ಸಂಸ್ಕೃತದಿಂದ ಬಂದದ್ದು, ಹಾಗಾಗಿ ಈ ಕಥೆಯ ಈ ಭಾಗಕ್ಕೆ ಅದು ನೆರವಾಗುವುದಿಲ್ಲ.

ಹಿರಿಯ ಓದುಗರಿಗೆ ಇಲ್ಲಿ ಉತ್ಸಾಹ ಬಂದುಬಿಟ್ಟಿತು. ‘ಮುಗೀತಲ್ಲ! ಇಂಜಿವೇರ್ ಹೋಗಿ ಜಿಂಜರ್ ಆಯಿತು. ಜರ್ಮನ್ನಿನಲ್ಲಿ ನೋಡಿ, ಇಂಗ್ವರ್ ಅಂತಾರೆ. ಮೊದಲಕ್ಷರ ಇ. ನೇರವಾಗಿ ಇಂಜಿಯೇ ಹೋಗಿದೆ.’ ಅಷ್ಟು ಹೊತ್ತು ಎಲ್ಲರ ಆತುರಕ್ಕೂ ಕಡಿವಾಣ ಹಾಕಿದವರು ಅವರೇ. ಪದ ನಮ್ಮ ಮನೆ ಹತ್ತಿರ ಬಂದಾಗ ಯಾರಿಗಾದರೂ ಹೀಗೇ ಆಗುತ್ತದೆ.

ಜರ್ಮನ್ ಸಾಕ್ಷಿ ನಿಲ್ಲಲಿಲ್ಲ. ಅಲ್ಲಿನ ಹಳೆಯ ರೂಪಗಳಲ್ಲಿ ಮೊದಲು ‘ಗ’ ಇದೆ. ಅದೂ ಲ್ಯಾಟಿನ್ನಿಂದ ಹೊರಟ ಪದವೇ. ‘ಗ’ ಕಳಚಿಕೊಂಡದ್ದು ಆಮೇಲೆ, ಜರ್ಮನ್ನಿನ ಒಳಗೇ. ಇಂಜಿಗೂ ಇಂಗ್ವರ್‌ಗೂ ತಲೆಯಲ್ಲಿ ಇರುವ ‘ಇ’ ಬೇರೆ ಬೇರೆ ಕಾರಣಕ್ಕೆ ಬಂದದ್ದು.

ವಿದ್ಯಾರ್ಥಿನಿ ಇನ್ನೊಂದು ಆಕ್ಷೇಪ ಎತ್ತಿದಳು, ಅದು ನಿಜವಾಗಿ ಕಷ್ಟದ್ದು. ‘ಮೂಲ ಇಂಜಿ ಆದರೆ ಪಾಲಿಯವರು ಸ ಎಲ್ಲಿಂದ ತಂದರು?’ ಎರವಲು ತರುವವರು ಅಕ್ಷರ ಬಿಡಬಹುದು, ಬದಲಿಸಬಹುದು. ಸುಮ್ನೆ ಮುಂದೆ ಒಂದು ಸಕಾರ ಅಂಟಿಸೋದಿಲ್ಲ. ಇದಕ್ಕೆ ಉತ್ತರ ಇಲ್ಲದೆ ಟಿಪ್ಪಣಿ ಕಳಿಸಬಾರದು ಅಂತ ನಿರ್ಧರಿಸಿದೆವು. ಎರಡು ತಿಂಗಳಲ್ಲಿ ಮೂರು ವಾರ ಇದಕ್ಕೇ ಹೋಯಿತು.

ಉತ್ತರ ಸಿಕ್ಕಿದ್ದು ಟಿ. ಬರೋ ಎಂಬ ವಿದ್ವಾಂಸರು 1940ರ ದಶಕದಲ್ಲಿ ಮಾಡಿದ ಕೆಲಸದಲ್ಲಿ. ಇವರೇ ಆಮೇಲೆ ಎಮೆನೋ ಎಂಬ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ 1961ರಲ್ಲಿ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಹೊರತಂದವರು. ಅವರು ತೋರಿಸಿದ್ದು ಇಷ್ಟು: ಮೂಲ ದ್ರಾವಿಡದಲ್ಲಿ, ಅಂದರೆ ಈ ದ್ರಾವಿಡ ಭಾಷೆಗಳೆಲ್ಲ ಕವಲೊಡೆದ ಹಳೆಯ ನುಡಿಯಲ್ಲಿ, ಪದದ ಮೊದಲಿಗೆ ಇದ್ದ ಚ ಅಥವಾ ಸ ತಮಿಳು, ಮಲಯಾಳ, ಕನ್ನಡದಂಥ ದಕ್ಷಿಣದ ಭಾಷೆಗಳಲ್ಲಿ ಎಷ್ಟೋ ಕಡೆ ಬಿದ್ದುಹೋಗಿದೆ. ಗೊಂಡಿಯಂಥ ನಡು ಭಾರತದ ಭಾಷೆಗಳಲ್ಲಿ ಉಳಿದಿದೆ.

ನಂಬಿಕೆ ಬರೋದು ಉದಾಹರಣೆ ನೋಡಿದಾಗ. ನಾವು ದಿನಾ ಎಣಿಸುವ ‘ಆರು’ ತಗೊಳ್ಳಿ. ಗೊಂಡಿಯಲ್ಲಿ ಅದು ಸಾರುಂಗ್. ನಮ್ಮ ‘ಉಪ್ಪು’ ಅಲ್ಲಿ ಸೋವರ್. ಕೊಡು ಎನ್ನುವುದಕ್ಕೆ ಹಳಗನ್ನಡದಲ್ಲಿ ‘ಈ’, ಗೊಂಡಿಯಲ್ಲಿ ಸೀ. ಮೂರು ಕಡೆಯೂ ಅವರ ಸಕಾರದ ಜಾಗ ನಮ್ಮಲ್ಲಿ ಖಾಲಿ. ಇದನ್ನು ಓದಿದ ದಿನ ನಾನು ‘ಆರು’ ಅಂತ ಎಷ್ಟು ಸಲ ಬಾಯಲ್ಲಿ ಹೇಳಿಕೊಂಡೆನೋ. ನಾಲಿಗೆ ಮೇಲೆ ಇಷ್ಟು ವರ್ಷ ಇದ್ದ ಪದಕ್ಕೆ ಹಿಂದೊಂದು ತಲೆ ಇತ್ತು ಅಂತ ಗೊತ್ತೇ ಇರಲಿಲ್ಲ.

ಇಂಜಿಯೂ ಇದೇ ಸಾಲಿಗೆ ಸೇರಿದರೆ ಎಲ್ಲ ಕೂಡಿಬರುತ್ತದೆ. ಹಳೆಯ ರೂಪ ಸಕಾರ ಇದ್ದದ್ದು. ಪಾಲಿ, ಪ್ರಾಕೃತದವರು ಅದನ್ನು ಎರವಲು ಪಡೆದದ್ದು ಸಕಾರ ಬೀಳುವ ಮುಂಚೆ. ಆಮೇಲೆ ಕೊಟ್ಟವರ ಮನೆಯಲ್ಲಿ ಅದು ಕಳೆದುಹೋಯಿತು, ಪಡೆದವರ ಮನೆಯಲ್ಲಿ ಭದ್ರವಾಗಿ ಉಳಿಯಿತು.

ನಡುವಿನ ‘ಂಗ’ ಮತ್ತು ‘ಂಜ’ ವ್ಯತ್ಯಾಸವೂ ಇದರ ಜೊತೆಗೇ ಬಿಡಿಸಿಕೊಳ್ಳುತ್ತದೆ. ಇ, ಎ ಸ್ವರಗಳ ಹತ್ತಿರ ಕಕಾರ ಚಕಾರವಾಗುವ ಒಲವು ತಮಿಳು, ಮಲಯಾಳಗಳಲ್ಲಿ ಇದೆ. ನಮ್ಮ ಕಿವಿ ಮಲಯಾಳದಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚಿರ. ಹಾಗಾಗಿ ವಿದ್ವಾಂಸರು ಮೂಲ ರೂಪವನ್ನು ‘ಚಿಂಕಿ–ವೇರ್’ ಅಂತ ಕಟ್ಟಿ, ಅದರ ಮೊದಲಿಗೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಲೆಕ್ಕ ಹಾಕಿ ಕಟ್ಟಿದ ರೂಪ, ಶಾಸನದಲ್ಲೋ ಗ್ರಂಥದಲ್ಲೋ ಕಂಡದ್ದಲ್ಲ ಅಂತ ಅದರ ಅರ್ಥ. ಮಕ್ಕಳ ಪುಸ್ತಕದಲ್ಲಿ ನಕ್ಷತ್ರ ಯಾಕೆ ಅಂತ ಚರ್ಚೆ ಆಯಿತು. ಇಡಬೇಕು ಅಂತ ನಾನು ಹಟ ಹಿಡಿದೆ. ಕಂಡ ಪದಕ್ಕೂ ಕಟ್ಟಿದ ಪದಕ್ಕೂ ವ್ಯತ್ಯಾಸ ಇದೆ ಅಂತ ಹದಿಮೂರರ ಮಗುವಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ನಮ್ಮ ‘ಬೇರು’ ಎಲ್ಲಿ ನಿಲ್ಲುತ್ತದೆ

ಮೂರನೇ ಕರಡಿನಲ್ಲಿ ಒಂದು ಹೊಸ ಸಾಲು ಸೇರಿತ್ತು: ‘ಗ್ರೀಕಿನ ಜಿಂಗಿಬೆರಿಸ್‌ನಲ್ಲಿ ಇರುವ ಬೆರ್ ಕನ್ನಡದ ಬೇರು.’ ಬರೆದವಳು ವಿದ್ಯಾರ್ಥಿನಿ. ಅಳಿಸೋಕೆ ಮನಸ್ಸೇ ಬಾರದಂಥ ಸಾಲು.

ಆದರೆ ಅವಳದೇ ಪಟ್ಟಿ ಅದಕ್ಕೆ ಅಡ್ಡ ನಿಂತಿತು. ಪಾಲಿಯಲ್ಲಿ ‘ವ’ ಇದೆ. ಪದ ಗ್ರೀಕಿಗೆ ಹೋದದ್ದು ಅಂಥ ರೂಪದ ಮೂಲಕ. ವ ಹೋಗಿ ಬ ಬಂದದ್ದು ಆ ದಾರಿಯಲ್ಲಿ. ಕನ್ನಡದಲ್ಲಿ ವೇರ್ ಹೋಗಿ ಬೇರ್ ಆದದ್ದು ನಮ್ಮದೇ ಮನೆಯ ಬದಲಾವಣೆ. ಎರಡು ಕಡೆ ಬೇರೆ ಬೇರೆಯಾಗಿ ಒಂದೇ ಅಕ್ಷರಕ್ಕೆ ಬಂದು ನಿಂತಿವೆ, ಇಂಗ್ವರ್‌ನ ಇಕಾರದ ಹಾಗೆ. ಹಿರಿಯ ಓದುಗರ ಉತ್ಸಾಹವನ್ನು ತಡೆದಿದ್ದವಳು ತಾನೂ ಅದೇ ಗುಂಡಿಗೆ ಕಾಲಿಟ್ಟಿದ್ದಳು. ಅದನ್ನು ಕಂಡುಹಿಡಿದವಳೂ ಅವಳೇ, ನಾನು ತೋರಿಸುವ ಮುಂಚೆ. ಬೇರು ಮತ್ತು ಆ ‘ಬೆರ್’ ಒಂದೇ ಬುಡದಿಂದ ಬಂದವು, ಒಂದು ಇನ್ನೊಂದರ ತಾಯಿಯಲ್ಲ. ಸಾಲು ಹಾಗೆ ಬದಲಾಯಿತು.

ಉಳಿದ ದಾರಿ ಸಲೀಸು. ಲ್ಯಾಟಿನ್ನಿನಲ್ಲಿ ಜಿಂಗಿಬೆರ್, ಮಧ್ಯಯುಗದಲ್ಲಿ ಗಿಂಗಿಬೆರ್. ಅದು ಹಳೆಯ ಇಂಗ್ಲಿಷಿಗೆ ಬಂದು, ಅಕ್ಷರಕ್ಕೆ ಅಕ್ಷರ ಓದಿದರೆ, ಗಿಂಗಿಫೆರ್ ಆಗಿ ವೈದ್ಯದ ಬರಹಗಳಲ್ಲಿ ಸಿಗುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ರೂಪವೂ ಸೇರಿತು. ಎರಡೂ ಬೆರೆತು, ಬರಹದಲ್ಲಿ ‘ಫ’ ಆಗಿದ್ದ ನಡುವಿನ ವಕಾರ ಸವೆದು ಜಿಂಜರ್ ಉಳಿಯಿತು.

ಇನ್ನೊಂದು ವಿಷಯ ಬಿಡಲಾರೆ. ಶುಂಠಿ ಅರೇಬಿಯಾದಲ್ಲೂ ಕೆಂಪು ಸಮುದ್ರದ ಆಚೆ ದಡದಲ್ಲೂ ಬೆಳೆಯುತ್ತದೆ ಅಂತ ಪ್ಲಿನಿ ಬರೆದಿದ್ದಾನೆ. ಸರಕು ಹಡಗಿನಿಂದ ಇಳಿಯುತ್ತಿದ್ದ ಕಡೆಯೇ ಅವನಿಗೆ ಗಿಡದ ಊರಾಗಿ ಕಂಡಿತು. ಅದರ ಜೊತೆಗೆ ಒಂದು ಮಾತು ಹೇಳುತ್ತಾನೆ: ಕೆಲವರು ಇದನ್ನು ಮೆಣಸಿನ ಮರದ ಬೇರು ಅಂದುಕೊಂಡಿದ್ದಾರೆ, ಅದು ತಪ್ಪು. ಆ ತಪ್ಪನ್ನು ಅವನು ತಿದ್ದಿದ್ದು ಸರಿ. ಆದರೆ ತಾನು ಬರೆಯುತ್ತಿದ್ದ ಹೆಸರಿನೊಳಗೇ ಬೇರು ಇದೆ ಅನ್ನೋದು ಅವನಿಗೆ ತಿಳಿಯುವ ದಾರಿ ಇರಲಿಲ್ಲ. ಇವತ್ತು ಇಂಗ್ಲಿಷಿನಲ್ಲಿ ‘ಜಿಂಜರ್ ರೂಟ್’ ಅನ್ನುವವರೂ ಬೇರನ್ನು ಎರಡು ಸಲ ಹೇಳುತ್ತಿದ್ದಾರೆ.

ಏನು ಉಳಿಯಿತು

ಆಮೇಲಿನ ಪದಗಳಿಗೆ ನಾವು ಕೆಲಸದ ಕ್ರಮವನ್ನೇ ಬದಲಿಸಿದೆವು. ಬಾಣ ಹಾಕುವ ಮುಂಚೆ ಕಾಲ ಬರೆಯುತ್ತೇವೆ. ನಿಘಂಟಿನ ಅರ್ಥ ನಕಲು ಮಾಡುವ ಮುಂಚೆ ಪಕ್ಕದ ಸಣ್ಣ ಗುರುತು ಓದುತ್ತೇವೆ. ಒಂದು ಅಕ್ಷರ ಹೆಚ್ಚಾಗಿ ಕಂಡರೆ ಅದನ್ನು ಸಮಜಾಯಿಷಿ ಹೇಳಿ ಮುಚ್ಚುವುದಿಲ್ಲ, ಅದರ ಹಿಂದೆ ಹೋಗುತ್ತೇವೆ. ಸಕಾರದ ಹಿಂದೆ ಹೋಗದೆ ಇದ್ದಿದ್ದರೆ ‘ಇಂಜಿಯಿಂದ ಜಿಂಜರ್’ ಅಂತ ಅಚ್ಚು ಹಾಕಿ, ಅರ್ಧ ಸರಿಯಾದ ಮಾತನ್ನು ಸಾವಿರ ಮಕ್ಕಳ ಕೈಗೆ ಕೊಡುತ್ತಿದ್ದೆವು.

ಅಲನ್ ರಾಸ್ ಎಂಬ ವಿದ್ವಾಂಸರು 1952ರಲ್ಲಿ ಈ ಒಂದೇ ಪದದ ಮೇಲೆ ಇಡೀ ಪುಸ್ತಕ ಬರೆದಿದ್ದಾರೆ ಅಂತ ನಮಗೆ ಗೊತ್ತಾಗಿದ್ದು ಕೆಲಸ ಮುಗಿಯುವ ಹೊತ್ತಿಗೆ. ಮೊದಲೇ ಗೊತ್ತಿದ್ದರೆ ಸಮಯ ಉಳಿಯುತ್ತಿತ್ತು, ನಿಜ. ‘ಆರು’ ಮತ್ತು ‘ಸಾರುಂಗ್’ ಮಾತ್ರ ಅಷ್ಟು ಆಳವಾಗಿ ಮನಸ್ಸಿಗೆ ಇಳಿಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಅಚ್ಚಿಗೆ ಹೋಗುವ ಹಿಂದಿನ ಸಂಜೆ ಅವಳು ಕೊನೆಯ ಕರಡಿನಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿದಳು. ‘ಜಿಂಜರ್ ಪದ ಮೂಲ ದ್ರಾವಿಡದಲ್ಲಿ ಹುಟ್ಟಿತು’ ಅಂತ ಇದ್ದದ್ದನ್ನು ಹೊಡೆದು, ‘ಜಿಂಜರ್ ಪದದ ಜಾಡು ಮೂಲ ದ್ರಾವಿಡದವರೆಗೆ ಸಿಗುತ್ತದೆ’ ಅಂತ ಬರೆದಳು. ಹನ್ನೆರಡು ಸಾಲಿನ ಟಿಪ್ಪಣಿ ಹದಿಮೂರಾಯಿತು. ಕೆಳಗೆ ಚಿಗರೆ ಕೊಂಬು ಇದ್ದ ಜಾಗದಲ್ಲಿ ಮಣ್ಣು ಹತ್ತಿದ ಶುಂಠಿಯ ಗೆಡ್ಡೆ, ಅದರಿಂದ ಇಳಿಬಿದ್ದ ಎಳೆ ಎಳೆ ಬೇರು.